ವಿಲಿಯಂ ಜೇಮ್ಸ್ ಮಾಡಿದ ಎಂಟು ತಿಂಗಳ ಪ್ರಯೋಗ

ಸೈಕಾಲಜಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಫ್ರಾಯ್ಡ್. ಅವರಿಗಿಂತ ಹದಿನಾಲ್ಕು ವರ್ಷ ದೊಡ್ಡವರಾದ ವಿಲಿಯಂ ಜೇಮ್ಸ್ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರಲ್ಲ. ಅಮೆರಿಕದ ಸೈಕಾಲಜಿಗೆ ಇವರೇ ತಂದೆ ಅಂತಾರೆ. ಆದರೆ ನಾವು ಇವರ ಬಗ್ಗೆ ಬರೀತಿರೋದು ಬೇರೆ ಕಾರಣಕ್ಕೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಇವರಿಗೂ ಮುಂದೇನು ಮಾಡಬೇಕು ಅಂತ ಗೊತ್ತಿರಲಿಲ್ಲ.

ಜೇಮ್ಸ್ ಹುಟ್ಟಿದ್ದು 1842ರ ಜನವರಿ 11ರಂದು, ನ್ಯೂಯಾರ್ಕ್‌ನಲ್ಲಿ. ಶ್ರೀಮಂತರ ಮನೆ. ಅಪ್ಪನಿಗೆ ಯಾವ ಶಾಲೆಯೂ ಹಿಡಿಸುತ್ತಿರಲಿಲ್ಲ, ಹಾಗಾಗಿ ಮಕ್ಕಳನ್ನು ಕರೆದುಕೊಂಡು ಅಮೆರಿಕ, ಯುರೋಪ್ ಅಂತ ಊರೂರು ಸುತ್ತಿದರು. ತಮ್ಮ ಹೆನ್ರಿ ಮುಂದೆ ದೊಡ್ಡ ಕಾದಂಬರಿಕಾರರಾದರು. ವಿಲಿಯಂ ಮೊದಲು ಚಿತ್ರಕಲೆ ಕಲಿಯೋಕೆ ಹೋದರು, ಬಿಟ್ಟರು. 1861ರಲ್ಲಿ ಹಾರ್ವರ್ಡ್‌ನ ಲಾರೆನ್ಸ್ ಸೈಂಟಿಫಿಕ್ ಸ್ಕೂಲ್‌ಗೆ ಸೇರಿ ಕೆಮಿಸ್ಟ್ರಿ ತಗೊಂಡರು. ಅದೂ ಬೇಡವಾಗಿ 1864ರಲ್ಲಿ ಮೆಡಿಕಲ್ ಸೇರಿದರು. ಅದನ್ನೂ ಮಧ್ಯದಲ್ಲಿ ನಿಲ್ಲಿಸಿ ವಿಜ್ಞಾನಿ ಲೂಯಿ ಅಗಾಸಿ ಜೊತೆ ಮೀನು ಸಂಗ್ರಹಿಸೋಕೆ ಅಮೆಜಾನ್‌ಗೆ ಹೊರಟು, ಆ ಪ್ರಯಾಣದಲ್ಲಿ ಸಿಡುಬಿನಿಂದ ಮಲಗಿದರು. ಆಮೇಲೆ ಬೆನ್ನುನೋವು ಅಂತ ಜರ್ಮನಿಗೆ ಹೋದರು. 1869ರಲ್ಲಿ ಕೊನೆಗೂ ಎಂ.ಡಿ. ಸಿಕ್ಕಿತು. ಒಂದು ದಿನವೂ ಡಾಕ್ಟರ್ ಆಗಿ ಪ್ರಾಕ್ಟೀಸ್ ಮಾಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೂರು ಬ್ರಾಂಚ್, ಎರಡು ಗ್ಯಾಪ್, ಒಂದು ಡಿಗ್ರಿ, ಪ್ಲೇಸ್‌ಮೆಂಟ್ ಸೊನ್ನೆ.

ಇಲ್ಲಿವರೆಗೆ ನಗಬಹುದು. ಮುಂದಿನದು ನಗೋ ವಿಷಯ ಅಲ್ಲ. ಜರ್ಮನಿಯಲ್ಲಿದ್ದಾಗಲೇ ಅವರಿಗೆ ಸಾಯೋ ಯೋಚನೆಗಳು ಬರುತ್ತಿದ್ದವು. ಡಿಗ್ರಿ ಮುಗಿದ ಮೇಲೆ ಅಪ್ಪ ಅಮ್ಮನ ಮನೆಯಲ್ಲೇ ಇದ್ದರು. ಕಣ್ಣು ನೋವು, ಬೆನ್ನು ನೋವು, ಕೆಲಸ ಇಲ್ಲ. 1870ರ ಮಾರ್ಚ್‌ನಲ್ಲಿ ತುಂಬಾ ಹತ್ತಿರವಾಗಿದ್ದ ಸಂಬಂಧಿ ಮಿನ್ನಿ ಟೆಂಪಲ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಈ ಕಷ್ಟದ ವರ್ಷಗಳಲ್ಲೇ ಒಂದು ಸಂಜೆ ಕತ್ತಲ ಕೋಣೆಗೆ ಹೋದಾಗ ಇದ್ದಕ್ಕಿದ್ದಂತೆ ಭಯಂಕರ ಹೆದರಿಕೆ ಆವರಿಸಿತು. ಯಾವತ್ತೋ ಮಾನಸಿಕ ಆಸ್ಪತ್ರೆಯಲ್ಲಿ ನೋಡಿದ್ದ, ಅಲ್ಲಾಡದೆ ಕೂತಿದ್ದ ಒಬ್ಬ ಯುವಕ ಕಣ್ಣ ಮುಂದೆ ಬಂದ. ನಾಳೆ ನಾನೂ ಹೀಗೇ ಆಗಬಹುದು ಅನ್ನಿಸಿತು. ಎಷ್ಟೋ ತಿಂಗಳು ಒಬ್ಬರೇ ಕತ್ತಲಲ್ಲಿ ಹೋಗೋಕೆ ಆಗಲಿಲ್ಲ. ಪಕ್ಕದಲ್ಲೇ ನಗುನಗುತ್ತಾ ಓಡಾಡುತ್ತಿದ್ದ ಅಮ್ಮನಿಗೆ ಇದ್ಯಾವುದೂ ಗೊತ್ತಾಗದ ಹಾಗೆ ನೋಡಿಕೊಂಡರು. ಮನೆಯಿಂದ ಫೋನ್ ಬಂದಾಗ ಎಲ್ಲಾ ಚೆನ್ನಾಗಿದೆ ಅಂತ ಹೇಳಿ ಇಟ್ಟುಬಿಡೋ ನಮಗೆ ಇದು ಹೊಸದೇನಲ್ಲ.

1870ರ ಏಪ್ರಿಲ್ 30ರ ಡೈರಿಯಲ್ಲಿ ಕಥೆ ತಿರುಗುತ್ತದೆ. ಅವರನ್ನು ಕಾಡುತ್ತಿದ್ದ ಪ್ರಶ್ನೆ ಇದು: ಎಲ್ಲವೂ ಮೊದಲೇ ನಿರ್ಧಾರವಾಗಿದ್ದರೆ ನಮ್ಮ ಪ್ರಯತ್ನಕ್ಕೆ ಏನು ಬೆಲೆ? ಆಗ ಫ್ರಾನ್ಸ್‌ನ ತತ್ವಜ್ಞಾನಿ ಶಾರ್ಲ್ ರೆನೂವಿಯೇ ಅವರ ಪ್ರಬಂಧ ಓದಿದರು. ತಲೆಗೆ ಹತ್ತು ಯೋಚನೆ ಬಂದರೂ ಅದರಲ್ಲಿ ಒಂದನ್ನು ಆರಿಸಿ ಹಿಡಿದುಕೊಳ್ಳೋ ಸ್ವಾತಂತ್ರ್ಯ ನಮಗಿದೆ ಅನ್ನೋದು ಅದರ ಸಾರ. ಜೇಮ್ಸ್ ಇದನ್ನು ಪ್ರೂವ್ ಮಾಡೋಕೆ ಹೋಗಲಿಲ್ಲ. ಮುಂದಿನ ವರ್ಷದವರೆಗೆ ಇದು ನಿಜ ಅಂತಲೇ ಇಟ್ಟುಕೊಂಡು ನಡೆದು ನೋಡ್ತೀನಿ ಅಂತ ತೀರ್ಮಾನಿಸಿದರು. ಅಂದರೆ ಎಂಟು ತಿಂಗಳ ಟ್ರಯಲ್. ರೂಲ್ ಎರಡೇ: ಕೂತು ಕೂತು ಕೊರಗೋ ಯೋಚನೆಗೆ ರಜೆ ಕೊಡಬೇಕು, ಚಿಕ್ಕದಾದರೂ ಏನಾದರೂ ಮಾಡಬೇಕು.

ಮರುದಿನವೇ ಎಲ್ಲ ಸರಿಹೋಯ್ತು ಅಂದ್ಕೋಬೇಡಿ. ನಿಧಾನವಾಗಿ ಚೇತರಿಸಿಕೊಂಡರು. ಮೂರು ವರ್ಷ ಆದಮೇಲೆ ಹಾರ್ವರ್ಡ್‌ನಲ್ಲಿ ಫಿಸಿಯಾಲಜಿ ಪಾಠ ಮಾಡುತ್ತಿದ್ದರು. 1878ರಲ್ಲಿ ಆಲಿಸ್ ಗಿಬೆನ್ಸ್ ಅವರನ್ನು ಮದುವೆಯಾದರು. ಅದೇ ವರ್ಷ ಎರಡು ವರ್ಷದಲ್ಲಿ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡ ಸೈಕಾಲಜಿ ಪುಸ್ತಕ ಮುಗಿದಿದ್ದು 1890ರಲ್ಲಿ, ಎರಡು ಸಂಪುಟಗಳಾಗಿ! ಅದರಲ್ಲಿ ಅಭ್ಯಾಸದ ಬಗ್ಗೆ ಇರೋ ಅಧ್ಯಾಯ ಇವತ್ತಿಗೂ ಪ್ರಸಿದ್ಧ. ಹೊಸ ಅಭ್ಯಾಸವನ್ನು ಜೋರಾಗಿ ಶುರುಮಾಡಿ, ಬೇರೂರೋವರೆಗೆ ಒಂದು ದಿನವೂ ತಪ್ಪಿಸಬೇಡಿ ಅಂತಾರೆ. ಮನಸ್ಸನ್ನು ನೇರವಾಗಿ ಬದಲಿಸೋದು ಕಷ್ಟ, ಆದರೆ ಕೆಲಸ ಬದಲಿಸಿದರೆ ಮನಸ್ಸು ಹಿಂದೆ ಬರುತ್ತೆ ಅನ್ನೋದು ಅವರ ನಂಬಿಕೆ.

ಈಗ ನಾವು ಕೇಳೋ ಸಿಬಿಟಿ ಹುಟ್ಟಿದ್ದು ಬಹಳ ತಡವಾಗಿ, 1950-60ರ ದಶಕಗಳಲ್ಲಿ, ಆಲ್ಬರ್ಟ್ ಎಲ್ಲಿಸ್ ಮತ್ತು ಆರನ್ ಬೆಕ್ ಕೈಯಲ್ಲಿ. ಜೇಮ್ಸ್ ಅದನ್ನು ಕಂಡುಹಿಡಿಯಲಿಲ್ಲ. ಆದರೆ ದಾರಿ ಹತ್ತಿರದ್ದೇ. ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂತು, ನಾನು ಯಾವುದಕ್ಕೂ ಲಾಯಕ್ಕಿಲ್ಲ ಅನ್ನಿಸಿತು ಅಂದ್ಕೊಳ್ಳಿ. ಸಿಬಿಟಿ ಪ್ರಕಾರ ಆ ಯೋಚನೆಯನ್ನು ಪೇಪರ್ ಮೇಲೆ ಬರೀಬೇಕು. ಅದಕ್ಕೆ ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಅಂತ ಎರಡು ಕಾಲಂ ಮಾಡಬೇಕು. ಆಮೇಲೆ ಹೆಚ್ಚು ನ್ಯಾಯವಾದ ಒಂದು ಮಾತು ಬರೀಬೇಕು. ಇನ್ನೊಂದು ಭಾಗ: ಮೂಡ್ ಬರಲಿ ಅಂತ ಕಾಯದೆ ಸ್ನಾನ, ಅರ್ಧ ಗಂಟೆ ವಾಕಿಂಗ್, ಒಂದು ಪ್ರಾಬ್ಲಮ್ ಬಿಡಿಸೋದು, ಹೀಗೆ ಟೈಮ್‌ಟೇಬಲ್ ಹಾಕಿ ಮಾಡಬೇಕು.

ಜೇಮ್ಸ್‌ಗೆ ಆಮೇಲೂ ನಿದ್ದೆ ಬಾರದ ರಾತ್ರಿಗಳು, ಮಂಕು ಕವಿದ ದಿನಗಳು ಬರುತ್ತಲೇ ಇದ್ದವು. 1902ರಲ್ಲಿ ಪ್ರಕಟವಾದ ಧಾರ್ಮಿಕ ಅನುಭವಗಳ ಪುಸ್ತಕದಲ್ಲಿ ಆ ಸಂಜೆಯ ಹೆದರಿಕೆಯನ್ನು ಯಾರೋ ಒಬ್ಬ ಫ್ರೆಂಚ್ ವ್ಯಕ್ತಿಯ ಅನುಭವ ಅಂತ ಬರೆದರು. ಅದು ತನ್ನದೇ ಅಂತ ಒಪ್ಪಿಕೊಂಡಿದ್ದು ಆಮೇಲೆ. ಅಷ್ಟು ದೊಡ್ಡ ಪ್ರೊಫೆಸರ್‌ಗೂ ಬಾಯಿಬಿಟ್ಟು ಹೇಳೋದು ಅಷ್ಟು ಕಷ್ಟವಾಗಿತ್ತು. 1910ರ ಆಗಸ್ಟ್ 26ರಂದು ತೀರಿಕೊಂಡರು.

ಅವರ ಕಾಲದಲ್ಲಿ ಫೋನ್ ಮಾಡಿ ಮಾತಾಡೋಕೆ ಯಾರೂ ಇರಲಿಲ್ಲ, ನಮಗೆ ಇದ್ದಾರೆ. ಸ್ವಂತ ಪ್ರಯತ್ನ ಸಣ್ಣಪುಟ್ಟ ಆತಂಕಕ್ಕೆ ಸಾಕಾಗಬಹುದು. ವಾರಗಟ್ಟಲೆ ಎದ್ದೇಳೋಕೇ ಆಗ್ತಿಲ್ಲ, ಸಾಯೋ ಯೋಚನೆ ಬರ್ತಿದೆ ಅಂದರೆ ಡೈರಿ ಸಾಲದು. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ. ರೂಮ್‌ಮೇಟ್‌ಗೆ ಹೇಳಿ. ಉಳಿದಂತೆ, ಈ ಸೆಮ್ ಮುಗಿಯೋವರೆಗೆ ನಾವೂ ಒಂದು ಟ್ರಯಲ್ ಮಾಡೋಣ. ಪ್ರಯತ್ನಕ್ಕೆ ಬೆಲೆ ಇದೆ ಅಂತ ಇಟ್ಟುಕೊಂಡು ನಡೆದು ನೋಡೋಣ.