ನೈಟಿಂಗೇಲ್ ಪೈ ಚಾರ್ಟ್ ಕಂಡುಹಿಡಿದರೇ? ದೀಪದ ಕಥೆಯಲ್ಲಿ ಬಿಟ್ಟುಹೋದ ಸಾವಿನ ಲೆಕ್ಕ

ಮೇ 12, ದಾದಿಯರ ದಿನ ಬಂತೆಂದರೆ ನಮ್ಮ ಫೋನುಗಳಿಗೆ ಫ್ಲಾರೆನ್ಸ್ ನೈಟಿಂಗೇಲ್ ಬಂದೇ ಬರುತ್ತಾರೆ. ಕೈಯಲ್ಲಿ ಎಣ್ಣೆ ದೀಪ, ಸುತ್ತ ಗಾಯಗೊಂಡ ಸೈನಿಕರು. ಜೊತೆಗೆ ಎರಡು ಮಾತು: ಪೈ ಚಾರ್ಟ್ ಕಂಡುಹಿಡಿದವರು ಇವರೇ, ಇವರು ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಸಾವು ನಿಂತಿತು.

ಮೊದಲನೆಯದು ಸುಳ್ಳು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲೇ ಪೈ ಚಾರ್ಟ್ ಪ್ರಕಟಿಸಿದ್ದರು. ಆಗ ನೈಟಿಂಗೇಲ್ ಹುಟ್ಟಿರಲೇ ಇಲ್ಲ. ಅಂದಹಾಗೆ ಆ ದೀಪವೂ ಚಿತ್ರದಲ್ಲಿರುವಂಥದ್ದಲ್ಲ, ಟರ್ಕಿಯಲ್ಲಿ ಬಳಸುತ್ತಿದ್ದ ಮಡಿಸುವ ಲಾಟೀನು. ಎರಡನೆಯ ಮಾತಂತೂ ಪೂರ್ತಿ ತಲೆಕೆಳಗು. ಅದು ಹೇಗೆಂದು ತಿಳಿಯಲು ಅವರ ಬದುಕನ್ನೇ ನೋಡಬೇಕು.

ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗಳಿಗಿಟ್ಟರು. ಇಂಗ್ಲೆಂಡಿನ ಸಿರಿವಂತ ಮನೆತನ. ತಂದೆ ತಾವೇ ಕೂತು ಹೆಣ್ಣುಮಕ್ಕಳಿಗೆ ಲ್ಯಾಟಿನ್, ಗ್ರೀಕ್, ಚರಿತ್ರೆ ಕಲಿಸಿದರು. ಆದರೆ ಮಗಳು ದಾದಿಯಾಗುತ್ತೇನೆ ಎಂದಾಗ ಮನೆಯಲ್ಲಿ ರಂಪವಾಯಿತು. ಆಗ ಅದು ಮರ್ಯಾದಸ್ಥರ ಕೆಲಸವಾಗಿರಲಿಲ್ಲ. ವರ್ಷಗಟ್ಟಲೆ ಹಟ ಹಿಡಿದ ಮೇಲೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಟ್‌ನಲ್ಲಿ ತರಬೇತಿ ಸಿಕ್ಕಿತು, 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಉಸ್ತುವಾರಿ ಸಿಕ್ಕಿತು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ. ಬ್ರಿಟನ್, ಫ್ರಾನ್ಸ್, ಟರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಮಂತ್ರಿ ಸಿಡ್ನಿ ಹರ್ಬರ್ಟ್ ಕೇಳಿಕೊಂಡ ಮೇಲೆ 38 ದಾದಿಯರೊಂದಿಗೆ ಆಕೆ 1854ರ ನವೆಂಬರ್ 4ರಂದು ಸ್ಕುಟಾರಿ ತಲುಪಿದರು. ಅದು ಇಂದಿನ ಇಸ್ತಾನ್‌ಬುಲ್‌ನ ಭಾಗ. ಸೈನಿಕರ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಿದ್ದರು. ಕಟ್ಟಡದ ಕೆಳಗಿನ ಚರಂಡಿಗಳು ಕಟ್ಟಿಕೊಂಡು ನಾರುತ್ತಿದ್ದವು. ಆಕೆ ಬಟ್ಟೆ ಒಗೆಸಿದರು, ಅಡುಗೆಮನೆ ಸರಿಪಡಿಸಿದರು, ರಾತ್ರಿ ಲಾಟೀನು ಹಿಡಿದು ಸುತ್ತಿದರು. ಇವೆಲ್ಲ ನಿಜ.

ಆದರೆ ಸಾವು ನಿಲ್ಲಲಿಲ್ಲ, ಏರಿತು. ಆಕೆ ಬಂದ ನವೆಂಬರ್‌ನಲ್ಲಿ ಇಡೀ ಸೇನೆಯಲ್ಲಿ ತಡೆಯಬಹುದಾದ ಕಾಯಿಲೆಗಳಿಂದ, ಅಂದರೆ ಕಾಲರಾ, ಆಮಶಂಕೆ, ವಿಷಮಜ್ವರದಂಥವುಗಳಿಂದ ಸತ್ತವರು 844. ಡಿಸೆಂಬರ್‌ನಲ್ಲಿ 1,725. 1855ರ ಜನವರಿಯಲ್ಲಿ 2,761. ಮಾರ್ಚ್‌ನಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗ ಬಂತು. ಚರಂಡಿ ಬಿಡಿಸಿದರು, ನೀರಿನ ದಾರಿ ಶುಚಿ ಮಾಡಿದರು, ಗಾಳಿಯಾಡುವಂತೆ ಮಾಡಿದರು. ಏಪ್ರಿಲ್‌ನಲ್ಲಿ ಅದೇ ಸಂಖ್ಯೆ 477ಕ್ಕೆ ಇಳಿಯಿತು. ಇಳಿಕೆ ಫೆಬ್ರವರಿಯಲ್ಲೇ ಶುರುವಾಗಿತ್ತು, ಚಳಿಗಾಲ ಮುಗಿದದ್ದೂ ಆಹಾರ-ಬಟ್ಟೆ ಬಂದದ್ದೂ ಲೆಕ್ಕಕ್ಕಿದೆ. ಎಲ್ಲ ಶ್ರೇಯವನ್ನೂ ಚರಂಡಿಗೇ ಕೊಟ್ಟರೆ ನಾವೂ ಇನ್ನೊಂದು ಫಾರ್ವರ್ಡ್ ಬರೆದಂತಾಗುತ್ತದೆ.

1856ರಲ್ಲಿ ಆಕೆ ಇಂಗ್ಲೆಂಡಿಗೆ ಮರಳಿದಾಗ ದೇಶ ಹಬ್ಬ ಮಾಡಲು ಕಾದಿತ್ತು. ಆಕೆ ಸದ್ದಿಲ್ಲದೆ ಮನೆ ಸೇರಿದರು. ಕ್ರಿಮಿಯಾದಲ್ಲಿ ಅಂಟಿದ ಜ್ವರ ಮೈಯನ್ನು ಜರ್ಜರ ಮಾಡಿತ್ತು, ಮುಂದಿನ ಎಷ್ಟೋ ವರ್ಷದ ಕೆಲಸವೆಲ್ಲ ಹಾಸಿಗೆಯಿಂದಲೇ. ಆ ಕೆಲಸವೆಂದರೆ ಸತ್ತವರನ್ನು ಎಣಿಸುವುದು, ಎಣಿಸಿ ವಿಂಗಡಿಸುವುದು.

ವಿಂಗಡಿಸುವುದು ಅಷ್ಟು ಸುಲಭವಿರಲಿಲ್ಲ. ಬೇರೆ ಬೇರೆ ಅಧಿಕಾರಿಗಳು ಬರೆದಿಟ್ಟ ಸಾವಿನ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಸೇರಿ ಆಕೆ ಪ್ರತಿ ತಿಂಗಳ ಸಾವನ್ನು ಮೂರು ಗುಂಪು ಮಾಡಿದರು: ತಡೆಯಬಹುದಾದ ಕಾಯಿಲೆ, ಯುದ್ಧದ ಗಾಯ, ಉಳಿದ ಕಾರಣ. ಶಾಲೆಯಲ್ಲಿ ನಾವು ಗೀಟು ಹಾಕಿ ಎಣಿಸಿ ಮಾಡುತ್ತಿದ್ದ ಆವೃತ್ತಿ ಪಟ್ಟಿ ನೆನಪಿದೆಯಲ್ಲ, ಅದೇ. ಜನವರಿ 1855ರ ಸಾಲು ಹೀಗಿದೆ: ಕಾಯಿಲೆ 2,761, ಗಾಯ 83, ಇತರೆ 324. ಸತ್ತ ನೂರು ಮಂದಿಯಲ್ಲಿ ಶತ್ರುವಿನ ಗುಂಡು-ಕತ್ತಿಗೆ ಹೋದವರು ಮೂವರೂ ಇಲ್ಲ. ಅದೇ ಗತಿಯಲ್ಲಿ ವರ್ಷವಿಡೀ ಸಾವು ನಡೆದಿದ್ದರೆ ಕಾಯಿಲೆಯೊಂದೇ ಇಡೀ ಸೇನೆಯನ್ನು ನುಂಗಿಹಾಕುತ್ತಿತ್ತು. ಒಟ್ಟು ಸಾವನ್ನು ಒಂದೇ ಸಂಖ್ಯೆಯಾಗಿ ಬರೆದಿದ್ದರೆ ಓದಿದವರು ಯುದ್ಧವೆಂದರೆ ಹೀಗೇ ಎಂದು ಪುಟ ತಿರುಗಿಸುತ್ತಿದ್ದರು.

ಮಂತ್ರಿಗಳು ಪಟ್ಟಿ ಓದುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಹಾಗಾಗಿ 1858ರಲ್ಲಿ ಬಂತು ಆ ಪ್ರಸಿದ್ಧ ಚಿತ್ರ. ವೃತ್ತದ ಸುತ್ತ ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳು. ನೀಲಿ ಕಾಯಿಲೆಗೆ, ಕೆಂಪು ಗಾಯಕ್ಕೆ, ಕಪ್ಪು ಉಳಿದದ್ದಕ್ಕೆ. ಪೈ ಚಾರ್ಟಿನಲ್ಲಿ ಹೋಳುಗಳ ಕೋನ ಬೇರೆ ಬೇರೆ. ಇಲ್ಲಿ ಕೋನ ಎಲ್ಲಕ್ಕೂ ಒಂದೇ, ಹೋಳು ಹೊರಕ್ಕೆ ಚಾಚುವ ದೂರ ಬೇರೆ ಬೇರೆ. ಫಾರ್ವರ್ಡ್‌ಗಳ ಗೊಂದಲಕ್ಕೆ ಬಹುಶಃ ಇದೇ ಮೂಲ. ಈ ಬಗೆಯ ಚಿತ್ರವೂ ಆಕೆಗಿಂತ ಮುಂಚೆ ಫ್ರಾನ್ಸಿನಲ್ಲಿ ಬಂದಿತ್ತು.

ಒಂದು ತಪ್ಪೂ ಆಗಿತ್ತು. ಮೊದಲ ರೂಪದಲ್ಲಿ ಸಾವಿನ ಪ್ರಮಾಣವನ್ನು ಕೇಂದ್ರದಿಂದ ಹೊರಕ್ಕೆ ಹೋಗುವ ಗೆರೆಯ ಉದ್ದಕ್ಕೆ ಹೊಂದಿಸಿದ್ದರು. ಆದರೆ ನಮ್ಮ ಕಣ್ಣು ನೋಡುವುದು ಬಣ್ಣ ತುಂಬಿದ ಜಾಗವನ್ನು. ಉದ್ದ ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು. ಅಂದರೆ ಚಿತ್ರ ನಿಜಕ್ಕಿಂತ ದೊಡ್ಡದಾಗಿ ಕೂಗುತ್ತಿತ್ತು. ಆಕೆಯ ವಾದಕ್ಕೆ ಅದರಿಂದ ಲಾಭವೇ ಇತ್ತು! ಆದರೂ ತಿದ್ದಿದರು, ಮುಂದಿನ ಚಿತ್ರದಲ್ಲಿ ವಿಸ್ತೀರ್ಣವನ್ನೇ ಅಳತೆ ಮಾಡಿದರು. ನಮಗೆ ಆಕೆಯ ಮೇಲೆ ಗೌರವ ಹೆಚ್ಚಿದ್ದು ಇಲ್ಲಿ.

ಆದರೆ ನಮ್ಮ ಲೆಕ್ಕದಲ್ಲಿ ಆಕೆಯ ಅತಿ ಹರಿತವಾದ ಚಿತ್ರ ಈ ಹೂವಿನಂಥದ್ದಲ್ಲ, ಬರೀ ಅಡ್ಡಪಟ್ಟಿಗಳ ಒಂದು ಬಾರ್ ಚಾರ್ಟ್. ಯುದ್ಧವಿಲ್ಲದಾಗ, ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲೇ ಇರುವ ಸೈನಿಕರ ಸಾವಿನ ಲೆಕ್ಕ ಅದು. ವರ್ಷಕ್ಕೆ ಸಾವಿರಕ್ಕೆ 17ರಿಂದ 19 ಸಾವು. ಆಗ ಇಂಗ್ಲೆಂಡಿನ ಒಟ್ಟು ಮರಣ ದರ ಸಾವಿರಕ್ಕೆ ಸುಮಾರು 22. ಹಾಗಾದರೆ ಸೈನಿಕರೇ ಚೆನ್ನಾಗಿದ್ದಾರಲ್ಲ ಎನಿಸುತ್ತದೆ. ಮೋಸ ಇರುವುದು ಇಲ್ಲೇ. ದೇಶದ ಲೆಕ್ಕದಲ್ಲಿ ಹಸುಗೂಸುಗಳೂ ಇದ್ದಾರೆ, ಮುದುಕರೂ ಇದ್ದಾರೆ. ಸೇನೆಯಲ್ಲಿರುವವರು ಆರೋಗ್ಯ ನೋಡಿ ಆರಿಸಿದ ಹುಡುಗರು. ಆಕೆ ಐದೈದು ವರ್ಷದ ವರ್ಗಾಂತರ ಮಾಡಿ ಒಂದೇ ವಯಸ್ಸಿನ ಗಂಡಸರನ್ನು ಎದುರುಬದುರು ನಿಲ್ಲಿಸಿದರು. 20ರಿಂದ 25ರೊಳಗಿನ ಸಾಮಾನ್ಯ ಗಂಡಸರಲ್ಲಿ ಸಾವಿರಕ್ಕೆ 8.4, ಸೈನಿಕರಲ್ಲಿ 17. 25ರಿಂದ 30ರಲ್ಲಿ 9.2ಕ್ಕೆ ಎದುರಾಗಿ 18.3. ಸರಿಸುಮಾರು ದುಪ್ಪಟ್ಟು. ಗುಂಡು ಹಾರದ ಊರಿನಲ್ಲಿ, ಇಕ್ಕಟ್ಟಾದ ಕೋಣೆಗಳಲ್ಲಿ ಹುಡುಗರು ಸಾಯುತ್ತಿದ್ದರು.

ಹರ್ಬರ್ಟ್ ಅಧ್ಯಕ್ಷತೆಯ ಆಯೋಗದ ಮೂಲಕ ಬ್ಯಾರಕ್ಕುಗಳಿಗೆ ಗಾಳಿ, ನೀರು, ಚರಂಡಿ ಬಂದವು. ಸೇನೆಗೆ ತನ್ನದೇ ಅಂಕಿಅಂಶ ವಿಭಾಗ ಬಂತು. 1858ರಲ್ಲೇ ಲಂಡನ್ನಿನ ಅಂಕಿಅಂಶ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಸೇರಿಸಿಕೊಂಡಿತು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ದಾದಿಯರ ಶಾಲೆ ಶುರುವಾಯಿತು.

ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಆದರೆ 1859ರಲ್ಲಿ ಇಲ್ಲಿನ ಸೇನೆಯ ಆರೋಗ್ಯದ ಆಯೋಗ ನೇಮಕವಾದಾಗ, ಪ್ರತಿ ದಂಡುಪ್ರದೇಶಕ್ಕೂ ಹೋದ ಪ್ರಶ್ನೆಪಟ್ಟಿಯಲ್ಲಿ ಆಕೆಯ ಕೈಯಿತ್ತು. ನೀರು ಎಲ್ಲಿಂದ, ಕೊಳೆ ಎಲ್ಲಿಗೆ, ಕೋಣೆಗೆ ಎಷ್ಟು ಜನ? ಉತ್ತರಗಳು ಕಂತೆಕಂತೆಯಾಗಿ ಲಂಡನ್ ಸೇರಿದವು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಸಾವು ಎಂಬ ಲೆಕ್ಕ ಹೊರಬಂತು. ಆ ಉತ್ತರಗಳನ್ನು ಜಾಲಾಡಿ ಆಕೆ 1863ರಲ್ಲಿ ಬರೆದ ಟಿಪ್ಪಣಿಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯೂ ಬರುತ್ತದೆ: ಬಜಾರಿನ ಕೊಳೆ ಹರಿದು ಸೇರುವುದು ಅಲ್ಲಿಗೇ, ಕುಡಿಯಲು ಬಳಸುವುದು ಆ ನೀರನ್ನೇ.

ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಬಂತು, ಅದನ್ನು ಪಡೆದ ಮೊದಲ ಮಹಿಳೆ. 1910ರ ಆಗಸ್ಟ್ 13ರಂದು ತೀರಿಕೊಂಡಾಗ ವಯಸ್ಸು 90. ವೆಸ್ಟ್‌ಮಿನ್‌ಸ್ಟರ್ ಆಬಿಯಲ್ಲಿ ಸಮಾಧಿ ಮಾಡಬಹುದಿತ್ತು, ಮನೆಯವರು ಬೇಡವೆಂದರು. ಹ್ಯಾಂಪ್‌ಶೈರ್‌ನ ಹಳ್ಳಿ ಚರ್ಚಿನ ಅಂಗಳದಲ್ಲಿರುವ ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ, ಎರಡು ಇನಿಷಿಯಲ್ಲು, ಹುಟ್ಟಿದ ಮತ್ತು ಸತ್ತ ದಿನಾಂಕ, ಅಷ್ಟೇ.