ಅಂಗಡಿ ಹೋಯಿತು, ಮಾತು ಉಳಿಯಿತು

ಬಂದರಿನಲ್ಲಿ ಅಂಗಡಿ ಇಟ್ಟವರಿಗೆ ಒಂದು ವಿಷಯವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಪೆಟ್ಟಿಗೆಯಲ್ಲಿರುವ ಹಣಕ್ಕಿಂತ ದೊಡ್ಡ ಬಂಡವಾಳ ಅಂದರೆ ಹೆಸರು. ಹೆಸರಿದ್ದರೆ ಸಗಟು ವ್ಯಾಪಾರಿ ಸರಕನ್ನು ಸಾಲಕ್ಕೆ ಕೊಡುತ್ತಾನೆ. ಹೆಸರು ಹೋದರೆ ಮರುದಿನವೇ ಬಾಗಿಲು ಹಾಕಬೇಕು. ಅದಕ್ಕೇ ದಿವಾಳಿ ಎಂಬ ಮಾತು ಕೇಳಿದರೆ ವ್ಯಾಪಾರಿಗೆ ಎದೆ ಧಸಕ್ಕೆನ್ನುತ್ತದೆ. ದೂರದ ದಕ್ಷಿಣ ಆಫ್ರಿಕಾದಲ್ಲಿ, ನೂರು ವರ್ಷಕ್ಕಿಂತಲೂ ಹಿಂದೆ, ನಮ್ಮ ದೇಶದ ಒಬ್ಬ ಮುಸ್ಲಿಮ್ ವ್ಯಾಪಾರಿ ಈ ದಿವಾಳಿಯನ್ನು ಗೊತ್ತಿದ್ದೂ ತಲೆ ಮೇಲೆ ಹೊತ್ತುಕೊಂಡರು. ಅವರ ಹೆಸರು ಅಹ್ಮದ್ ಮುಹಮ್ಮದ್ ಕಾಛಲಿಯಾ.

ಕಾಛಲಿಯಾ ಸೇಠರು ಗುಜರಾತಿನ ಸೂರತ್ ಕಡೆಯವರು. ಆ ಕಾಲದಲ್ಲಿ ಸೂರತ್, ಪೋರ್‌ಬಂದರ್ ಕಡೆಗಳಿಂದ ಬಹಳಷ್ಟು ಮುಸ್ಲಿಮರು ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೆ ವ್ಯಾಪಾರಕ್ಕೆ ಹೋಗುತ್ತಿದ್ದರು. ಗಾಂಧೀಜಿಯವರನ್ನು 1893ರಲ್ಲಿ ಒಂದು ಮೊಕದ್ದಮೆಯ ಕೆಲಸಕ್ಕೆಂದು ಅಲ್ಲಿಗೆ ಕರೆಸಿಕೊಂಡದ್ದು ಕೂಡ ದಾದಾ ಅಬ್ದುಲ್ಲಾ ಎಂಬ ಇಂತಹ ಒಬ್ಬ ವರ್ತಕರ ಕಂಪೆನಿಯೇ. ಕಾಛಲಿಯಾ ಅವರು ಟ್ರಾನ್ಸ್‌ವಾಲ್ ಎಂಬ ಪ್ರಾಂತದಲ್ಲಿ ವ್ಯಾಪಾರ ನಡೆಸುತ್ತಿದ್ದರು. ಹೆಚ್ಚು ಓದಿದವರಲ್ಲ. ಇಂಗ್ಲಿಷ್ ಕೂಡ ವ್ಯಾಪಾರಕ್ಕೆ ಬೇಕಾದಷ್ಟೇ ಬರುತ್ತಿತ್ತು. ಆದರೆ ವಿಷಯ ಹಿಡಿಯುವ ಬುದ್ಧಿ ಚುರುಕು. ಸಭೆಗಳಲ್ಲಿ ಮುಂದೆ ಬಂದು ಮಾತನಾಡುವ ಅಭ್ಯಾಸ ಅವರಿಗೆ ಇರಲಿಲ್ಲ.

1907ರಲ್ಲಿ ಟ್ರಾನ್ಸ್‌ವಾಲ್ ಸರಕಾರ ಒಂದು ಕಾನೂನು ತಂದಿತು. ಅಲ್ಲಿರುವ ಏಷ್ಯಾದವರೆಲ್ಲ ಹೆಸರು ನೋಂದಾಯಿಸಬೇಕು, ಅಪರಾಧಿಗಳ ಹಾಗೆ ಬೆರಳ ಗುರುತು ಒತ್ತಬೇಕು, ಪೊಲೀಸರು ಕೇಳಿದಲ್ಲಿ ಪತ್ರ ತೋರಿಸಬೇಕು. ತಪ್ಪಿದರೆ ದಂಡ, ಜೈಲು, ಇಲ್ಲವೇ ಗಡಿಪಾರು. ಭಾರತೀಯರು ಇದನ್ನು ಕರಾಳ ಕಾನೂನು ಎಂದೇ ಕರೆದರು.

ಆ ವರ್ಷ ಜುಲೈ 31ರಂದು ಪ್ರಿಟೋರಿಯಾದ ಮಸೀದಿಯ ಅಂಗಳದಲ್ಲಿ ದೊಡ್ಡ ಸಭೆ ಸೇರಿತು. ವಿಲಿಯಂ ಹೋಸ್ಕನ್ ಎಂಬ ಬಿಳಿಯ ಮುಖಂಡರು ಸರಕಾರದ ಸಂದೇಶ ತಂದಿದ್ದರು. ಅವರು ಭಾರತೀಯರಿಗೆ ಹಿತವನ್ನೇ ಬಯಸುವವರು. ಸರಕಾರ ಗಟ್ಟಿ ಮನಸ್ಸು ಮಾಡಿದೆ, ಎದುರು ನಿಂತರೆ ನಿಮಗೇ ನಷ್ಟ, ಒಪ್ಪಿಕೊಳ್ಳಿ ಎಂಬುದು ಅವರ ಮಾತಿನ ಸಾರ. ಅವರು ಹೋದ ಮೇಲೆ ಒಬ್ಬೊಬ್ಬರೇ ಎದ್ದು ಮಾತನಾಡಿದರು. ಅಷ್ಟರಲ್ಲಿ ಕಾಛಲಿಯಾ ಎದ್ದರು. ಮುಖ ಕೆಂಪಾಗಿತ್ತು, ಮೈ ನಡುಗುತ್ತಿತ್ತು. ಬೆರಳುಗಳನ್ನು ತನ್ನ ಗಂಟಲಿಗೆ ಒತ್ತಿ ಹಿಡಿದು, ನೇಣಿಗೆ ಹಾಕಿದರೂ ಸರಿ, ಈ ಕಾನೂನಿಗೆ ತಲೆ ಬಾಗುವುದಿಲ್ಲ ಎಂದು ಅಲ್ಲಾಹನ ಮೇಲೆ ಆಣೆ ಮಾಡಿದರು.

ವೇದಿಕೆಯಲ್ಲಿದ್ದ ಗಾಂಧೀಜಿ ಮತ್ತು ಇತರ ಮುಖಂಡರು ಆಗ ಒಳಗೊಳಗೇ ನಕ್ಕರಂತೆ. ಆವೇಶದಲ್ಲಿ ಎಷ್ಟೋ ಮಂದಿ ಏನೇನೋ ಹೇಳುತ್ತಾರೆ, ಇದೂ ಹಾಗೇ ಇರಬಹುದು ಎಂದು ಎಣಿಸಿದ್ದರು. ಮುಂದೆ ಗಾಂಧೀಜಿ ಆ ನಗುವಿಗೆ ನಾಚಿಕೊಂಡು, ತಮ್ಮ ಪುಸ್ತಕದಲ್ಲಿ ಅದನ್ನು ಬರೆದೇಬಿಟ್ಟರು. ಯಾಕೆಂದರೆ ಅಂದು ಮಾತನಾಡಿದ ಎಷ್ಟೋ ಮಂದಿ ಹಿಂದೆ ಸರಿದರು, ಕಾಛಲಿಯಾ ಸರಿಯಲಿಲ್ಲ.

ಸರಕಾರ ಮಾತು ತಪ್ಪಿತೆಂದು 1908ರ ಆಗಸ್ಟ್ 16ರಂದು ಜೊಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿಯ ಎದುರು ಭಾರತೀಯರು ತಮ್ಮ ಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಹೋರಾಟ ಮತ್ತೆ ಶುರುವಾಯಿತು. ಟ್ರಾನ್ಸ್‌ವಾಲ್‌ನ ಭಾರತೀಯರ ಸಂಘದ ಅಧ್ಯಕ್ಷರಾಗಿದ್ದ ಯೂಸುಫ್ ಇಸ್ಮಾಯೀಲ್ ಮಿಯಾ ಅವರು ಬಿಟ್ಟ ಜಾಗಕ್ಕೆ ಕಾಛಲಿಯಾ ಅವರನ್ನೇ ಕೂರಿಸಲಾಯಿತು. ಅಧ್ಯಕ್ಷನಾದವನು ಮೊದಲು ಜೈಲಿಗೆ ಹೋಗಬೇಕಾದ ಕಾಲ ಅದು. ಅವರು ಹೋದರು, ಒಂದಲ್ಲ, ಹಲವು ಸಲ.

ನಿಜವಾದ ಪರೀಕ್ಷೆ ಬಂದದ್ದು ಅಂಗಡಿಯ ಕಡೆಯಿಂದ. ಅಲ್ಲಿನ ಭಾರತೀಯ ವರ್ತಕರು ಸರಕು ತರುತ್ತಿದ್ದದ್ದು ಬಿಳಿಯರ ದೊಡ್ಡ ಕಂಪೆನಿಗಳಿಂದ, ಅದೂ ಸಾಲಕ್ಕೆ. ಮಾರಿದ ಹಾಗೆ ಹಣ ಕಟ್ಟುವುದು ರೂಢಿ. ಇದನ್ನೇ ಅಸ್ತ್ರ ಮಾಡಿಕೊಂಡರು. ಹೋರಾಟ ಬಿಡಿ, ಇಲ್ಲವಾದರೆ ನಮ್ಮ ಬಾಕಿಯನ್ನೆಲ್ಲ ಈಗಲೇ ಕೊಡಿ ಎಂದು ಸಾಲ ಕೊಟ್ಟವರು ಕಾಛಲಿಯಾ ಅವರಿಗೆ ಹೇಳಿದರು. ಯಾವ ವ್ಯಾಪಾರಿಯ ಕೈಯಲ್ಲೂ ಅಷ್ಟು ನಗದು ಇರುವುದಿಲ್ಲ, ಹಣ ಸರಕಿನಲ್ಲಿ ಇರುತ್ತದೆ, ಗಿರಾಕಿಗಳ ಬಾಕಿಯಲ್ಲಿ ಇರುತ್ತದೆ.

ಕಾಛಲಿಯಾ ಅವರು ಸಾಲ ಕೊಟ್ಟವರನ್ನು ಕರೆದು ಲೆಕ್ಕದ ಪುಸ್ತಕ ಮುಂದಿಟ್ಟರು. ಸಾಲಕ್ಕಿಂತ ಆಸ್ತಿ ಹೆಚ್ಚೇ ಇತ್ತು. ಹೋರಾಟ ನನ್ನ ದೀನಿಗೆ, ನನ್ನ ಜನರ ಮಾನಕ್ಕೆ ಸಂಬಂಧಪಟ್ಟದ್ದು, ವ್ಯಾಪಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಬೇಕಾದರೆ ಸರಕನ್ನೇ ಬೆಲೆಗೆ ಹಿಡಿದುಕೊಳ್ಳಿ ಎಂದರು. ಅವರು ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ಹಣಕ್ಕಿಂತ ಹೆಚ್ಚಾಗಿ ಕಾಛಲಿಯಾ ಮಣಿಯುವುದು. ಅಧ್ಯಕ್ಷ ಮಣಿದರೆ ಉಳಿದ ವ್ಯಾಪಾರಿಗಳೂ ಮಣಿಯುತ್ತಾರೆ ಎಂಬ ಲೆಕ್ಕ.

ನಮ್ಮ ದೀನಿನಲ್ಲಿ ಸಾಲವೆಂದರೆ ಸಣ್ಣ ಸಂಗತಿ ಅಲ್ಲ. ಶಹೀದನಾದವನಿಗೂ ಸಾಲದ ಬಾಧ್ಯತೆ ತಪ್ಪುವುದಿಲ್ಲ ಎಂದು ಮಕ್ಕಳಿಗೆ ಮದ್ರಸಾದಲ್ಲೇ ಕಲಿಸುತ್ತೇವೆ. ಹಾಗಿರುವಾಗ ದಿವಾಳಿ ಎಂದು ನಾಲ್ಕು ಜನರ ಬಾಯಲ್ಲಿ ಬೀಳುವುದು ಒಬ್ಬ ಮರ್ಯಾದಸ್ಥ ವ್ಯಾಪಾರಿಗೆ ಎಷ್ಟು ಕಷ್ಟ ಎಂದು ಯೋಚಿಸಿ. ಒಂದು ಕಡೆ ಅಲ್ಲಾಹನ ಹೆಸರಲ್ಲಿ ಕೊಟ್ಟ ಮಾತು, ಇನ್ನೊಂದು ಕಡೆ ಜನರಿಗೆ ಕೊಡಬೇಕಾದ ಹಣ. ಒಂದನ್ನು ಉಳಿಸಲು ಇನ್ನೊಂದನ್ನು ಬಿಡಬೇಕು ಎಂದೇ ಎಲ್ಲರೂ ಎಣಿಸಿದ್ದರು.

ಅವರು ಎರಡನ್ನೂ ಬಿಡಲಿಲ್ಲ, ಅಂಗಡಿಯನ್ನು ಬಿಟ್ಟರು. 1909ರ ಆರಂಭದಲ್ಲಿ ದಿವಾಳಿಗೆ ಒಪ್ಪಿ, ವ್ಯಾಪಾರವನ್ನೆಲ್ಲ ಸಾಲ ಕೊಟ್ಟವರ ಕೈಗೆ ವಹಿಸಿದರು. ಸರಕು ಮಾರಿ, ಬಾಕಿ ವಸೂಲಿ ಮಾಡಿ ಲೆಕ್ಕ ನೋಡಿದಾಗ ಎಲ್ಲರಿಗೂ ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್ ಸಿಕ್ಕಿತು. ಆಗ ಒಂದು ಪೌಂಡ್ ಅಂದರೆ ಇಪ್ಪತ್ತು ಶಿಲ್ಲಿಂಗ್. ಅಂದರೆ ಒಂದು ಕಾಸು ಕಡಿಮೆಯಾಗದೆ ಪೂರ್ತಿ ಸಾಲ ತೀರಿತು. ದಿವಾಳಿಯಾದವನೊಬ್ಬ ಸಾಲವನ್ನು ಪೂರ್ತಿ ತೀರಿಸಿದ ಸಂಗತಿ ಅಪರೂಪದಲ್ಲಿ ಅಪರೂಪ. ದಿವಾಳಿಯಿಂದ ಮಾನ ಹೋಗುವ ಬದಲು ಅವರ ಹೆಸರು ಇನ್ನೂ ಮೇಲೆ ಹೋಯಿತು.

ಅದೇ ವರ್ಷ ಲಂಡನ್‌ಗೆ ಹೋಗುವ ನಿಯೋಗಕ್ಕೆ ಗಾಂಧೀಜಿ, ಹಾಜಿ ಹಬೀಬ್ ಜೊತೆ ಕಾಛಲಿಯಾ ಅವರನ್ನೂ ಆರಿಸಿದ್ದರು. ಹಡಗು ಹತ್ತುವ ಮೊದಲೇ ಸರಕಾರ ಅವರನ್ನು ಹಿಡಿದು ಜೈಲಿಗೆ ಹಾಕಿತು. ಹತ್ತು ಹನ್ನೆರಡು ವರ್ಷದ ಮಗ ಅಲಿಯನ್ನು ಅವರು ಗಾಂಧೀಜಿಯ ಆಶ್ರಮದಲ್ಲಿ ಓದಲು ಬಿಟ್ಟಿದ್ದರು. ಶ್ರೀಮಂತರ ಮಗ ಎನ್ನುವುದನ್ನು ಮರೆತು ಎಲ್ಲರ ಜೊತೆ ದುಡಿಯಲಿ, ಜನಸೇವೆ ಕಲಿಯಲಿ ಎಂಬುದು ತಂದೆಯ ಆಸೆ.

1913ರ ಮಾರ್ಚ್‌ನಲ್ಲಿ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಒಂದು ತೀರ್ಪು ಕೊಟ್ಟರು. ಕ್ರೈಸ್ತ ಪದ್ಧತಿಯಲ್ಲಿ ಆಗದ, ಕಾನೂನಿನಂತೆ ನೋಂದಣಿಯಾಗದ ಮದುವೆಗೆ ಬೆಲೆ ಇಲ್ಲವೆಂಬುದು ಅದರ ಅರ್ಥ. ಅಂದರೆ ನಿಕಾಹ್ ಆಗಿ ಸಂಸಾರ ಮಾಡುತ್ತಿದ್ದ ಹೆಂಗಸರು ಕಾನೂನಿನ ಕಣ್ಣಲ್ಲಿ ಹೆಂಡತಿಯರೇ ಅಲ್ಲ! ಗುತ್ತಿಗೆ ಮುಗಿಸಿದ ಕೂಲಿಯವರ ಮೇಲೆ ಮೂರು ಪೌಂಡಿನ ತಲೆಗಂದಾಯ ಬೇರೆ ಇತ್ತು. ಸೆಪ್ಟೆಂಬರ್‌ನಲ್ಲಿ ಸರಕಾರಕ್ಕೆ ಪತ್ರ ಬರೆದು, ಹೋರಾಟ ಮತ್ತೆ ಶುರು ಮಾಡುತ್ತೇವೆ ಎಂದು ತಿಳಿಸಿದವರು ಅಧ್ಯಕ್ಷ ಕಾಛಲಿಯಾ. ಹೆಂಗಸರೂ ಜೈಲಿಗೆ ಹೋದರು, ಗಣಿ ಕೂಲಿಯವರು ಮುಷ್ಕರ ಹೂಡಿದರು. 1914ರ ಕಾನೂನಿನಲ್ಲಿ ತಲೆಗಂದಾಯ ಹೋಯಿತು, ಭಾರತೀಯರ ಮದುವೆಗೆ ಮಾನ್ಯತೆ ಬಂತು.

ಆ ವರ್ಷ ಗಾಂಧೀಜಿ ದಕ್ಷಿಣ ಆಫ್ರಿಕಾ ಬಿಟ್ಟರು. ಕಾಛಲಿಯಾ ಅಲ್ಲೇ ಉಳಿದು ಜನರ ಕೆಲಸ ಮಾಡುತ್ತಾ 1918ರಲ್ಲಿ ತೀರಿಕೊಂಡರು. ಧೈರ್ಯದಲ್ಲಿ, ಸ್ಥಿರತೆಯಲ್ಲಿ ಅವರನ್ನು ಮೀರಿಸುವವರನ್ನು ಕಂಡಿಲ್ಲ ಎಂದು ಗಾಂಧೀಜಿ ಬರೆದಿದ್ದಾರೆ. ಅವರು ಹಿಂದೂ, ಮುಸ್ಲಿಮ್ ಎಂಬ ಭೇದ ಮಾಡಿದವರಲ್ಲ ಎಂದೂ ಸ್ಮರಿಸಿದ್ದಾರೆ.

ಅವರ ಮಕ್ಕಳ ಕಾಲದಲ್ಲೂ ಆ ದಾರಿ ನಿಲ್ಲಲಿಲ್ಲ. ಮಗ ಇಸ್ಮಾಯೀಲ್ ದೇವ್‌ಬಂದ್‌ನಲ್ಲಿ ಓದಿ ಮೌಲವಿಯಾದರು. 1952ರಲ್ಲಿ ವರ್ಣಭೇದದ ಕಾನೂನುಗಳನ್ನು ಮುರಿಯುವ ಚಳವಳಿ ನಡೆದಾಗ ನೆಲ್ಸನ್ ಮಂಡೇಲಾ ಸ್ವಯಂಸೇವಕರ ಮುಖ್ಯಸ್ಥರು, ಮೌಲವಿ ಕಾಛಲಿಯಾ ಅವರ ಉಪಮುಖ್ಯಸ್ಥರು. ಇನ್ನೊಬ್ಬ ಮಗ ಯೂಸುಫ್ ಕೂಡ ಆ ಚಳವಳಿಯ ಮುಂಚೂಣಿಯಲ್ಲಿದ್ದರು. ಭಾರತ ಸರಕಾರ 1977ರಲ್ಲಿ ಮೌಲವಿಯವರಿಗೆ ಪದ್ಮಶ್ರೀ ಕೊಟ್ಟಿತು.

ನಮ್ಮ ಎಷ್ಟೋ ಮನೆಗಳಿಂದ ಮಕ್ಕಳು ವ್ಯಾಪಾರಕ್ಕೆ, ನೌಕರಿಗೆ ಪರದೇಶಕ್ಕೆ ಹೋಗಿದ್ದಾರೆ. ಅಲ್ಲಿ ಎಷ್ಟು ಸಂಪಾದನೆ ಆಯಿತು ಎಂದು ಊರಲ್ಲಿ ಕೇಳುವವರು ಬಹಳ. ಕಾಛಲಿಯಾ ಸೇಠರ ಅಂಗಡಿ ಎಷ್ಟು ದೊಡ್ಡದಿತ್ತು ಎಂದು ಇವತ್ತು ಯಾರೂ ಕೇಳುವುದಿಲ್ಲ. ಮಸೀದಿಯ ಅಂಗಳದಲ್ಲಿ ಕೊಟ್ಟ ಮಾತನ್ನೂ, ಅಂಗಡಿಯ ಸಾಲವನ್ನೂ ತೀರಿಸಿ ಹೋದರು ಎಂದೇ ಅವರನ್ನು ನೆನೆಯುತ್ತೇವೆ. ಅಲ್ಲಾಹನು ಅವರ ಖಬರ್ ಬೆಳಗಿಸಲಿ, ಆಮೀನ್.