ಕಟ್ಟಿಗೆ ಹೊತ್ತು ಹೋದ ವಿದ್ಯಾರ್ಥಿ: ಪುನೀತ ಫ್ರೆಡ್ರಿಕ್ ಓಜಾನಾಮ್

ಎಳ್ಳ ಅಮಾವಾಸ್ಯೆಯ ಸುಮಾರಿಗೆ ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳ ಮೇಲಿಂದ ಬೀಸುವ ಬೆಳಗಿನ ಜಾವದ ಗಾಳಿ ನಿಮಗೆ ಹೊಸದೇನೂ ಅಲ್ಲ. ಆ ಬಯಲುಸೀಮೆಯಲ್ಲಿ ಕಾಡಿಲ್ಲ. ಹತ್ತಿ ಬಿಡಿಸಿದ ಮೇಲೆ ಕಿತ್ತ ಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು, ಇವೇ ಒಲೆಗೆ ಆಸರೆ. ಕಲಘಟಗಿಯವರಿಗಾದರೆ ಮಲೆನಾಡಿನ ಸೆರಗು ಹತ್ತಿರ, ಒಣಕಟ್ಟಿಗೆಯಾದರೂ ಸಿಕ್ಕೀತು. ಆದರೆ ಸ್ವಂತ ಹೊಲವಿಲ್ಲದ ಕೂಲಿಯವರಿಗೆ ಹತ್ತಿಕಟ್ಟಿಗೆಯೂ ತಮ್ಮದಲ್ಲ, ಇನ್ನೊಬ್ಬರನ್ನು ಕೇಳಿಯೇ ತರಬೇಕು. ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಇಂದಿಗೂ ಕಟ್ಟಿಗೆಯೇ. ಹೊದೆಯಲು ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಇದೆ ನಿಜ. ಆದರೆ ಆ ಒಂದು ಕೌದಿಯೊಳಗೆ ಎಷ್ಟು ಮಕ್ಕಳು ಮಲಗಬೇಕು?

ಇಂಥದೇ ಒಂದು ಪ್ರಶ್ನೆ ಸುಮಾರು ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್ ನಗರದಲ್ಲಿ ಇಪ್ಪತ್ತು ವರ್ಷದ ಒಬ್ಬ ಕಾನೂನು ವಿದ್ಯಾರ್ಥಿಯ ಮುಂದೆ ಬಂದು ನಿಂತಿತು. ಅವರ ಹೆಸರು ಫ್ರೆಡ್ರಿಕ್ ಓಜಾನಾಮ್.

ಫ್ರೆಡ್ರಿಕ್ ಹುಟ್ಟಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ಬೆಳೆದದ್ದು ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದು ಬಳಿಕ ವೈದ್ಯರಾದವರು. ತಾಯಿಗೆ ಹದಿನಾಲ್ಕು ಹೆರಿಗೆ, ಬದುಕಿ ಬೆಳೆದವರು ಬೆರಳೆಣಿಕೆಯಷ್ಟು ಮಕ್ಕಳು ಮಾತ್ರ. ತಂದೆ ಬಡ ರೋಗಿಗಳಿಂದ ಹಣ ಕೇಳುತ್ತಿರಲಿಲ್ಲ. 1837ರಲ್ಲಿ ಅಂಥ ಒಬ್ಬ ರೋಗಿಯನ್ನು ನೋಡಲು ಹೋದಾಗ ಮೆಟ್ಟಿಲಿನಿಂದ ಜಾರಿ ಬಿದ್ದೇ ಅವರು ತೀರಿಕೊಂಡರು. ಬಡವರ ಮನೆಗೆ ಹೋಗುವ ದಾರಿಯನ್ನು ಮಗ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1831ರಲ್ಲಿ ಕಾನೂನು ಓದಲು ಪ್ಯಾರಿಸಿಗೆ ಬಂದ ಈ ತರುಣನನ್ನು ಕೆಲಕಾಲ ತಮ್ಮ ಮನೆಯಲ್ಲಿ ಇರಿಸಿಕೊಂಡವರು ಯಾರು ಗೊತ್ತೇ? ವಿಜ್ಞಾನಿ ಆಂಪೇರ್. ಇಂದು ನಮ್ಮ ಮನೆಯ ಕರೆಂಟನ್ನು ಅಳೆಯುವುದು ಅವರ ಹೆಸರಿನ ಅಳತೆಯಿಂದಲೇ! ಮರುವರ್ಷ ಪ್ಯಾರಿಸಿನಲ್ಲಿ ಕಾಲರಾ ಹಬ್ಬಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು.

ವಿದ್ಯಾರ್ಥಿಗಳದೊಂದು ಚರ್ಚಾಕೂಟವಿತ್ತು. ಅಲ್ಲಿ ಫ್ರೆಡ್ರಿಕ್ ಧರ್ಮಸಭೆಯ ಪರವಾಗಿ ಬಹಳ ಚೆನ್ನಾಗಿ ವಾದ ಮಾಡುತ್ತಿದ್ದರು. ಒಂದು ದಿನ ಎದುರಾಳಿಗಳು ಅವರನ್ನು ಒಂದೇ ಮಾತಿನಲ್ಲಿ ಕಟ್ಟಿಹಾಕಿದರು. ಹಿಂದಿನವರು ಮಾಡಿದ್ದು ಇರಲಿ, ಇಂದು ಈ ಊರಿನ ಬಡವರಿಗಾಗಿ ನೀವು ಏನು ಮಾಡುತ್ತಿದ್ದೀರಿ ಎಂಬುದು ಅವರ ಪ್ರಶ್ನೆ. ಉತ್ತರ ಇರಲಿಲ್ಲ. ಚರ್ಚೆ ಮುಗಿಸಿ ಹೊರಬಂದ ಫ್ರೆಡ್ರಿಕ್ ಮತ್ತು ಗೆಳೆಯ ಲ ತಾಯಾಂದಿಯೇ ತಮ್ಮ ಕೋಣೆಯಲ್ಲಿ ಆ ಚಳಿಗಾಲಕ್ಕೆಂದು ಕೂಡಿಟ್ಟು ಉಳಿದಿದ್ದ ಕಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಹತ್ತಿರದ ಒಬ್ಬ ಬಡವನ ಮನೆಗೆ ಕೊಟ್ಟರು. ಅವರ ಮೊದಲ ಉತ್ತರ ಅದು.

ಇದರಲ್ಲೇನು ದೊಡ್ಡದು ಎನ್ನಬೇಡಿ. ಪ್ಯಾರಿಸಿನ ಚಳಿ ನಮ್ಮ ಕುಂದಗೋಳದ ಚಳಿಯಲ್ಲ. ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಬಡವರು ಇರುತ್ತಿದ್ದುದು ಬಾಡಿಗೆ ಕಡಿಮೆಯೆಂದು ಕಟ್ಟಡದ ತುತ್ತತುದಿಯ ಕೋಣೆಗಳಲ್ಲಿ, ಮಾಡಿಗೆ ತಾಗಿಕೊಂಡು. ಊರಿನ ಕಟ್ಟಿಗೆ ಬಹುಪಾಲು ಬರುತ್ತಿದ್ದುದು ದೂರದ ಮೊರ್ವಾನ್ ಕಾಡುಗಳಿಂದ, ಯೋನ್ ಮತ್ತು ಸೇನ್ ನದಿಗಳ ನೀರಿನಲ್ಲಿ ತೇಲಿಬಿಟ್ಟು. ಕೈಯಲ್ಲಿ ಹಣವಿದ್ದವರು ಬೇಸಿಗೆಯಲ್ಲೇ ಗಾಡಿಗಟ್ಟಲೆ ಕೊಂಡಿಡಬಹುದು. ದಿನಗೂಲಿಯವನು ಆ ದಿನದ ಹಣದಿಂದ ಆ ದಿನಕ್ಕೆ ಒಂದು ಸಣ್ಣ ಹೊರೆ ಕೊಳ್ಳಬೇಕು. ಚಿಲ್ಲರೆಯಲ್ಲಿ ಕೊಂಡವನಿಗೆ ಎಲ್ಲವೂ ತುಟ್ಟಿಯೇ. ನಮ್ಮ ಸಂತೆಯಲ್ಲಿ ಎಣ್ಣೆಯನ್ನು ಐದು ರೂಪಾಯಿಯಷ್ಟು, ಹತ್ತು ರೂಪಾಯಿಯಷ್ಟು ಕೊಳ್ಳುವ ತಾಯಂದಿರಿಗೆ ಈ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ.

1833ರ ಏಪ್ರಿಲ್ 23ರಂದು, ಅಂದರೆ ಫ್ರೆಡ್ರಿಕ್ ಇಪ್ಪತ್ತು ತುಂಬಿದ ದಿನ, ಆರು ಜನ ವಿದ್ಯಾರ್ಥಿಗಳು ಪತ್ರಿಕಾ ಸಂಪಾದಕ ಎಮ್ಯಾನುಯೆಲ್ ಬೈಯಿ ಎಂಬ ಹಿರಿಯರ ಕಚೇರಿಯಲ್ಲಿ ಸೇರಿದರು. ಇಂದು ಸಂತ ವಿನ್ಸೆಂಟ್ ಡಿ ಪೌಲ್ ಸಭೆ ಎಂದು ನಾವೆಲ್ಲ ಬಲ್ಲ ಸಂಘ ಹುಟ್ಟಿದ್ದು ಹೀಗೆ. ಈ ಹುಡುಗರಿಗೆ ಉತ್ಸಾಹವಿತ್ತು, ಅನುಭವವಿರಲಿಲ್ಲ. ಅದನ್ನು ಕಲಿಸಿದವರು ಮೂಫ್ತಾರ್ ಎಂಬ ಕಡುಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದ ಕನ್ಯಾಭಗಿನಿ ರೊಸಾಲಿ ರೆಂದ್ಯು. ಯಾವ ಮನೆಗೆ ಹೋಗಬೇಕೆಂದು ಅವರೇ ಹೇಳಿದರು, ರೊಟ್ಟಿ ಮತ್ತು ಕಟ್ಟಿಗೆಯ ಚೀಟಿಗಳನ್ನು ಅವರೇ ಕೊಟ್ಟರು. ಚೀಟಿ ತೋರಿಸಿದರೆ ಅಂಗಡಿಯವನು ಸಾಮಾನು ಕೊಡುತ್ತಿದ್ದ.

ಆದರೆ ಚೀಟಿಯನ್ನು ಬಾಗಿಲಲ್ಲಿ ಕೊಟ್ಟು ಬರುವ ಪದ್ಧತಿ ಇರಲಿಲ್ಲ. ಒಳಗೆ ಹೋಗಿ ಕುಳಿತುಕೊಳ್ಳಬೇಕು, ಮನೆಯವರ ಮಾತು ಕೇಳಬೇಕು, ಮತ್ತೆ ಮುಂದಿನ ವಾರ ಬರಬೇಕು. ಓದುಗರೇ, ಸಹಾಯ ಪಡೆಯುವುದು ಕೊಡುವುದಕ್ಕಿಂತ ಕಷ್ಟ. ಹಬ್ಬದ ದಿನ ವೇದಿಕೆಯ ಮೇಲೆ ಕರೆದು, ಫೋಟೋ ತೆಗೆಸಿ ಕಂಬಳಿ ಹೊದಿಸಿದರೆ ಆ ಅಜ್ಜಿಗೆ ರಾತ್ರಿಯ ಚಳಿ ತಪ್ಪೀತು, ನಾಲ್ಕು ಜನರ ಮುಂದೆ ಆದ ಸಂಕೋಚ ಮಾತ್ರ ಉಳಿದುಬಿಡುತ್ತದೆ. ಇದನ್ನು ನಮ್ಮ ಸಂಘಗಳವರು ಇನ್ನೂ ಯೋಚಿಸಬೇಕು ಎಂದು ನನಗನ್ನಿಸುತ್ತದೆ.

ಇನ್ನೊಂದು ತೊಡಕಿತ್ತು. ಕೊಟ್ಟ ಕಟ್ಟಿಗೆ ಒಂದು ವಾರದಲ್ಲಿ ಬೂದಿ. ಮುಂದೆ? ಫ್ರೆಡ್ರಿಕ್ ಇದನ್ನು ಬಲ್ಲವರಾಗಿದ್ದರು. ಲಿಯೋನಿನಲ್ಲಿ ವಾಣಿಜ್ಯ ಕಾನೂನಿನ ಪ್ರಾಧ್ಯಾಪಕರಾಗಿದ್ದಾಗ ಅವರು ಕೂಲಿಯ ವಿಷಯವನ್ನೇ ಪಾಠಕ್ಕೆ ತೆಗೆದುಕೊಂಡರು. ದುಡಿಯುವವನ ಕೂಲಿ ಅವನ ಹೊಟ್ಟೆಬಟ್ಟೆಗೆ ಮಾತ್ರವಲ್ಲ, ಮಕ್ಕಳ ಓದಿಗೂ, ಕೈಲಾಗದ ವಯಸ್ಸಿನ ದಿನಗಳಿಗೂ ಸಾಕಾಗಬೇಕೆಂದು ಕಲಿಸಿದರು. ಇದು ಸುಮಾರು 1840ರ ಮಾತು. ಕೂಲಿಕಾರರ ಹಕ್ಕಿನ ಬಗ್ಗೆ ಪೋಪ್ ಹದಿಮೂರನೆಯ ಲಿಯೋ ಅವರ ವಿಶ್ವಪತ್ರ ಬಂದದ್ದು 1891ರಲ್ಲಿ!

ನಮ್ಮ ಕಡೆಯೂ ಈ ಎರಡು ದಾರಿಗಳಿವೆ. ಒಂದು ಹೊರೆ ಕಟ್ಟಿಗೆ ಕೊಡುವುದು ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಮಾಡಿದಂತೆ, ಕಡಿಮೆ ಕಟ್ಟಿಗೆಯಲ್ಲಿ ಅಡುಗೆಯಾಗುವ, ಹೊಗೆ ಕೊಳವೆಯಿಂದ ಹೊರಗೆ ಹೋಗುವ ‘ಅಸ್ತ್ರ’ ಒಲೆಯನ್ನು ರೂಪಿಸುವುದು ಇನ್ನೊಂದು. ಒಲೆ ಕಟ್ಟುವ ತನಕ ಕಟ್ಟಿಗೆ ಬೇಡವೇ? ಬೇಕು. ಫ್ರೆಡ್ರಿಕ್ ಎರಡನ್ನೂ ಬಿಡಲಿಲ್ಲ.

ಮುಂದೆ ಅವರು ಸೋರ್ಬಾನಿನಲ್ಲಿ ವಿದೇಶಿ ಸಾಹಿತ್ಯದ ಪ್ರಾಧ್ಯಾಪಕರಾದರು. ಅವರ ಡಾಂಟೆ ಅಧ್ಯಯನ ವಿದ್ವಾಂಸರಲ್ಲಿ ಹೆಸರಾಯಿತು. 1848ರ ಜೂನಿನಲ್ಲಿ ಪ್ಯಾರಿಸಿನ ಕೆಲಸಗಾರರು ದಂಗೆಯೆದ್ದಾಗ ಫ್ರೆಡ್ರಿಕ್ ಮತ್ತು ಗೆಳೆಯರು ಸಂಧಾನ ಮಾಡಿಸಿರೆಂದು ಮಹಾಧರ್ಮಾಧ್ಯಕ್ಷ ಆಫ್ರೆಯವರನ್ನು ಬೇಡಿಕೊಂಡರು. ಶಾಂತಿ ಕೋರಿ ಬೀದಿತಡೆಯ ಬಳಿಗೆ ಹೋದ ಮಹಾಧರ್ಮಾಧ್ಯಕ್ಷರಿಗೆ ಗುಂಡು ತಗುಲಿ, ಎರಡು ದಿನಗಳಲ್ಲಿ ಪ್ರಾಣ ಹೋಯಿತು. ಕೇಳಿಕೊಂಡವರ ಮನಸ್ಸು ಹೇಗಾಗಿರಬೇಡ! ಆಮೇಲೂ ಫ್ರೆಡ್ರಿಕ್ ದಂಗೆಕೋರರನ್ನು ಬೈಯುವ ಗುಂಪಿಗೆ ಸೇರಲಿಲ್ಲ. ಆ ಕೇರಿಗಳ ಮನೆಯೊಳಗೆ ತಾವು ಕಂಡ ದುರವಸ್ಥೆಯನ್ನು ಪತ್ರಿಕೆಯಲ್ಲಿ ಬರೆದು ಉಳ್ಳವರ ಮುಂದಿಟ್ಟರು.

ಆರೋಗ್ಯ ಮೊದಲೇ ಸೂಕ್ಷ್ಮ. 1853ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬದಂದು, ಮಾರ್ಸೇಲ್ ನಗರದಲ್ಲಿ ತೀರಿಕೊಂಡರು. ವಯಸ್ಸು ನಲವತ್ತು. 1997ರ ಆಗಸ್ಟ್ 22ರಂದು ಪೋಪ್ ಎರಡನೆಯ ಜಾನ್ ಪಾಲ್ ಪ್ಯಾರಿಸಿನಲ್ಲಿಯೇ ಅವರನ್ನು ಪುನೀತರೆಂದು ಘೋಷಿಸಿದರು. ಭಗಿನಿ ರೊಸಾಲಿಯವರಿಗೆ ಆ ಗೌರವ ಸಂದದ್ದು 2003ರಲ್ಲಿ. ಅಂದು ಆರು ಹುಡುಗರಿಂದ ಶುರುವಾದ ಸಭೆ ಇಂದು ಸುಮಾರು 150 ದೇಶಗಳಲ್ಲಿದೆ. ಐರ್ಲೆಂಡ್, ಇಂಗ್ಲೆಂಡುಗಳಲ್ಲಿ ಅದರ ಸದಸ್ಯರು ಚಳಿಗಾಲದ ಗ್ಯಾಸ್ ಮತ್ತು ವಿದ್ಯುತ್ ಬಿಲ್ಲು ಕಟ್ಟಲಾಗದ ಮನೆಗಳಿಗೆ ಇಂದಿಗೂ ನೆರವಾಗುತ್ತಾರೆ. ಸೇನ್ ನದಿಯ ಕಟ್ಟಿಗೆಯ ಕಾಲ ಹೋಯಿತು, ಚಳಿ ಹೋಗಲಿಲ್ಲ.

ಅವರ ಸಂಸಾರದ ಒಂದು ಸಂಗತಿ ಹೇಳದೆ ಉಳಿಯಿತು. 1852ರ ಹೊಸ ವರ್ಷದ ದಿನ. ತಾವು ಬಲ್ಲ ಒಂದು ಬಡ ಕುಟುಂಬ ಮನೆಯ ಹಳೆಯ ಖಾನೆಪೆಟ್ಟಿಗೆಯನ್ನು ಅಡವಿಟ್ಟಿದೆಯೆಂದು ಫ್ರೆಡ್ರಿಕ್ ಅವರಿಗೆ ತಿಳಿದಿತ್ತು. ಒಳ್ಳೆಯ ದಿನಗಳಿಂದ ಆ ಮನೆಯವರಿಗೆ ಉಳಿದಿದ್ದುದು ಅದೊಂದೇ. ಬಿಡಿಸಿಕೊಡಬೇಕೆಂದು ಪತ್ನಿ ಅಮೇಲಿಗೆ ಹೇಳಿದರು. ಆಕೆ ಮನೆ ನಡೆಸುವವರು, ಏನೋ ಕಾರಣ ಹೇಳಿ ಬೇಡವೆಂದರು. ಫ್ರೆಡ್ರಿಕ್ ಸುಮ್ಮನಾದರು. ಸಂಜೆ ಊರೆಲ್ಲ ತಿರುಗಿ ಶುಭಾಶಯ ಹೇಳಿ ಬಂದರೆ ಮನೆಯಲ್ಲಿ ಆರು ವರ್ಷದ ಮಗಳು ಮೇರಿಗೆ ಬಂದ ಆಟಿಕೆಗಳ ರಾಶಿ. ಅವರ ಮುಖ ಬಾಡಿತು, ಸಿಹಿ ಕೊಟ್ಟರೆ ಮುಟ್ಟಲಿಲ್ಲ. ಅಮೇಲಿಗೆ ಅರ್ಥವಾಯಿತು. ಆಕೆಯೇ ಹೋಗಿ ಬನ್ನಿ ಎಂದರು. ಫ್ರೆಡ್ರಿಕ್ ಆಗಲೇ ಹೊರಟರು, ಪೆಟ್ಟಿಗೆಯನ್ನು ಬಿಡಿಸಿ ಆ ಮನೆಗೆ ಮುಟ್ಟಿಸಿ, ನಗುಮುಖದಿಂದ ಮನೆಗೆ ಬಂದರು.